ತಾಟು ತೊಳೆದು ಕುಡಿಯುವ ಮನೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನೂಲಿನ ಅಂಗಡಿ ಕೊಟ್ಟೂರಪ್ಪನ ಮನೆಯೆಂದರೆ ತುಪ್ಪದ ಮನೆ. ಅಲ್ಲಿ ತೊಗರಿಬೇಳೆಗೆ ಕೊರತೆಯಿಲ್ಲ, ಡಬ್ಬಿ ಡಬ್ಬಿ ಚಟ್ನಿಪುಡಿ ಉಂಟು, ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಉಂಟು. ಆ ಕಡೆಯವರು ತಪ್ಪಲ ಎನ್ನುವ ಸೊಪ್ಪು, ಹಸಿರು ಕಾಯಿ ಮಾತ್ರ ಹಿತ್ತಲಿನ ಎಮ್ಮೆಯ ಗೋದಲಿಯಿಂದ ಈಚೆಗೆ ಬರುವಂತಿರಲಿಲ್ಲ. ಈ ಕಟ್ಟಳೆ ಮಾಡಿದವಳು ಕೊಟ್ಟೂರಪ್ಪನ ಹೆಂಡತಿ ಗುರುಬಸಮ್ಮ. ಕುರುಗೋಡಿನ ದೊಡ್ಡ ಮನೆಯಲ್ಲಿ ಹುಟ್ಟಿದವಳು. "ತಪ್ಪಲ ತಿನ್ನಾಕ ನಾವೇನು ದನಾ?" ಎಂದು ಕೇಳಿದಳೆಂದರೆ ಮುಗಿಯಿತು, ಅದಕ್ಕೆ ಉತ್ತರ ಕೊಡುವ ಧೈರ್ಯ ಆ ಮನೆಯ ಗಂಡಸರಿಗೆ ಇರಲಿಲ್ಲ.

ಇನ್ನೊಂದು ಕಟ್ಟಳೆ ಅವಳು ಮಾಡಿದ್ದಲ್ಲ, ತಲೆತಲಾಂತರದಿಂದ ಬಂದದ್ದು. ಅಡ್ಡಣಿಗೆಯ ಮೇಲೆ ತಾಟು ಇಟ್ಟು, ನೀಡಿಸಿಕೊಂಡು, ಕೊರಳಿನ ಲಿಂಗಕ್ಕೆ ತೋರಿಸಿದ ಮೇಲೆ ತಾಟಿನಲ್ಲಿ ಇರುವುದು ಬರೀ ಅಡಿಗೆಯಲ್ಲ, ಪ್ರಸಾದ. ಅದರಲ್ಲಿ ಒಂದು ಅಗುಳನ್ನೂ ಬಿಡಬಾರದು. ಉಂಡಾದ ಮೇಲೆ ತಾಟಿಗೆ ನೀರು ಸುರಿದು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಹಾಗೆಯೇ, ಲಿಂಗಕ್ಕೆ ತೋರಿಸುವ ಮೊದಲು ಅಡಿಗೆ ಮಾಡಿದವಳು ಸೌಟಿನ ತುದಿಯನ್ನೂ ನಾಲಗೆಗೆ ತಾಗಿಸುವಂತಿಲ್ಲ. ಈ ವಿಷಯದಲ್ಲಿ ಗುರುಬಸಮ್ಮನಷ್ಟು ಕಟ್ಟುನಿಟ್ಟಿನವರು ಆ ಓಣಿಯಲ್ಲಿ ಇರಲಿಲ್ಲ.

ಸೊಸೆ ಚನ್ನವೀರಮ್ಮ ಸಿರುಗುಪ್ಪದವಳು. ಅವಳ ತಾಯಿ ಹಂಪಮ್ಮ, ಗಂಡ ಸತ್ತ ಮೇಲೆ ಹಳೆಯ ಕಾಲುವೆಯ ಪಕ್ಕದ ತುಂಡು ನೆಲದಲ್ಲಿ ಕಾಯಿಪಲ್ಯ ಬೆಳೆದು ಮಗಳನ್ನು ಸಾಕಿದವಳು. ಮಗಳ ಮದುವೆಯಾದ ಮೊದಲ ಪಂಚಮಿಗೆ, ಯುದ್ಧದ ಕಾಲದ ಇದ್ದಿಲು ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಬಳ್ಳಾರಿಗೆ ಬಂದಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಎಳೆ ಹೀರೇಕಾಯಿ, ಮುಳ್ಳು ಬದನೇಕಾಯಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದ ರಾಜಗಿರಿ, ಪುಂಡಿ, ಸಬ್ಬಸಗಿಯ ಕಟ್ಟುಗಳು. ನಸುಕಿನಲ್ಲೇ ಕಿತ್ತು ತಂದದ್ದು.

ಅವತ್ತು ಗುರುಬಸಮ್ಮನ ತಂಗಿ ವೀರಭದ್ರಮ್ಮ ಕುರುಗೋಡಿನಿಂದ ಬಂದಿದ್ದಳು. ಅಕ್ಕ ತಂಗಿ ಇಬ್ಬರೂ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಏನ ತಂದೀರಿ ಬೀಗತಿ?" ಎಂದಳು ಗುರುಬಸಮ್ಮ.

"ನಮ್ಮ ತ್ವಾಟದ್ದ ಕಾಯಿಪಲ್ಯೆ ಅದಾವ್ರಿ. ನನ್ನ ಮಗಳಿಗೆ ತಪ್ಪಲ ಪಲ್ಯೆ ಅಂದ್ರ ಜೀವ. ನಿಮ್ಮ ಬಾಯಿಗೂ ರುಚಿ ಹತ್ತಲಿ ಅಂತ ತಂದೆ."

ಗುರುಬಸಮ್ಮ ಬುಟ್ಟಿಯ ಬಟ್ಟೆ ಸರಿಸಿ ನೋಡಿದಳು. ತಂಗಿಯ ಕಡೆ ನೋಡಿ ನಕ್ಕಳು. "ನೋಡ ವೀರಭದ್ರಿ, ನಮ್ಮ ಬೀಗತಿ ಎಮ್ಮಿಗೆ ಮೇವು ಹೊತಗೊಂಡು ಬಂದಾಳ. ಲೇ ಚನ್ನಿ, ಒಯ್ದು ಗೋದಲ್ಯಾಗ ಸುರವು."

ಚನ್ನವೀರಮ್ಮ ಕದಲಲಿಲ್ಲ. ಗುರುಬಸಮ್ಮ ತಾನೇ ಎದ್ದು ಬುಟ್ಟಿ ಒಯ್ದು ಸುರಿದಳು. ವೀರಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹಂಪಮ್ಮ ಖಾಲಿ ಬುಟ್ಟಿ ಎತ್ತಿಕೊಂಡು, ನೀರು ಸಹ ಕುಡಿಯದೆ ಹೊರಗೆ ನಡೆದಳು. ಓಣಿಯ ತಿರುವಿನವರೆಗೂ ಮಗಳು ಹಿಂದೆ ಓಡಿದಳು.

"ಅವ್ವಾ, ಇನ್ನೊಮ್ಮಿ ಬರ್ತೀಯಲ್ಲ?"

"ಆಕಿ ತನ್ನ ಬಾಯಿಲೆ ಬಾ ಅಂತ ಕರೀಲಿ, ಬರ್ತೀನಿ. ಕರೀದಿದ್ರ ನಿನ್ನ ಮನಿ ಹೊಸ್ತಲಾ ನಾ ತುಳಿಯಾಂಗಿಲ್ಲ. ನೀನೂ ಕರೀಬ್ಯಾಡ."

ಹಂಪಮ್ಮ ಆಡಿದ ಮಾತಿನವಳು. ಮತ್ತೆ ಬರಲಿಲ್ಲ. ಚನ್ನವೀರಮ್ಮನೂ ಆ ದಿನದಿಂದ ಅತ್ತೆಯ ಮೇಲೆ ಹಲ್ಲು ಕಡಿಯುತ್ತಲೇ ಬದುಕಿದಳು. ಅವ್ವನನ್ನು ಈಕೆ ಬಾಯಿ ಬಿಟ್ಟು ಕರೆಯಬೇಕು, ಆ ವೀರಭದ್ರಮ್ಮನ ಎದುರಿಗೇ ಈಕೆಯ ಮುಖ ಸಣ್ಣದಾಗಬೇಕು. ಇವೆರಡು ಆಗುವ ತನಕ ತನಗೆ ನಿದ್ದೆ ಸಲ್ಲದು ಎಂದು ಗಂಡ ಎರ್ರಿಸ್ವಾಮಿಗೆ ಹೇಳಿದಳು. ಎರ್ರಿಸ್ವಾಮಿ ಒಳ್ಳೆಯವನು. ಅಂದರೆ ಯಾವ ಕಡೆಗೂ ಮಾತಾಡದವನು.

ಯುದ್ಧ ಮುಗಿಯುವ ವರ್ಷ ಗುರುಬಸಮ್ಮನ ಸಂಜೆಗಳು ಕೆಟ್ಟವು. ದೀಪ ಹಚ್ಚುವ ಹೊತ್ತಾಯಿತೆಂದರೆ ಗೋಡೆ ಹಿಡಿದು ನಡೆಯುವಳು. ಚೊಂಬು ಎಡವುವಳು. ಕಂಬಕ್ಕೆ ಹಣೆ ಬಡಿದುಕೊಂಡು ಕಂಬವನ್ನೇ ಬೈಯುವಳು.

"ಅವ್ವ, ಕಣ್ಣು ಕಾಣಸವಲ್ವೇನು?" ಎಂದು ಎರ್ರಿಸ್ವಾಮಿ ಕೇಳಿದರೆ, "ನನ್ನ ಕಣ್ಣಿಗೇನಾಗೇತಿ? ರೇಶನ್ನಿನಾಗ ಕೊಡೋ ಗ್ಯಾಸೆಣ್ಣಿ ಅರ್ಧ ನೀರು. ಕಂದೀಲು ಉರಿಯವಲ್ದು," ಅನ್ನುವಳು. ಕಂದೀಲು ಚೆನ್ನಾಗಿಯೇ ಉರಿಯುತ್ತಿತ್ತು. ಚನ್ನವೀರಮ್ಮ ದಿನವೂ ಅದರ ಗಾಜು ಉಜ್ಜುತ್ತಿದ್ದಳು, ಅತ್ತೆ ಕಾಣದೆ ತಡಕಾಡುವುದನ್ನು ನೋಡುತ್ತಿದ್ದಳು, ಸುಮ್ಮನಿರುತ್ತಿದ್ದಳು.

ಒಂದು ಸಂಜೆ ಹಿತ್ತಲಿಗೆ ಹೋದ ಗುರುಬಸಮ್ಮ ಎಮ್ಮೆಯ ಬಾನಿಯ ಮೇಲೆ ಮುಗ್ಗರಿಸಿ ಬಿದ್ದಳು. ಮೊಣಕಾಲು ಒಡೆಯಿತು. ಮರುದಿನ ಜಟಕಾದಲ್ಲಿ ಕೂರಿಸಿಕೊಂಡು ಮಗ, ಸೊಸೆ ಪೇಟೆಯ ಡಾಕ್ಟರಲ್ಲಿಗೆ ಕರೆದೊಯ್ದರು. ವಯಸ್ಸಾದ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಏನೇನು ಉಣ್ಣುತ್ತೀರಿ ಎಂದು ಕೇಳಿದರು.

"ಇದು ಇರುಳುಗುರುಡಮ್ಮ. ಎಣ್ಣಿ ಕೊಡತೀನಿ, ದಿನಾ ಒಂದು ಚಮಚ ಕುಡೀರಿ."

"ಎಂಥಾ ಎಣ್ಣಿ?"

"ಮೀನಿನ ಎಣ್ಣಿ."

ಗುರುಬಸಮ್ಮ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತೇಬಿಟ್ಟಳು. "ಶಿವ ಶಿವಾ! ಕಣ್ಣು ಕಿತ್ತು ಕೊಡತೀನಿ, ಅದನ್ನ ಮಾತ್ರ ಮುಟ್ಟಾಂಗಿಲ್ಲ."

ಡಾಕ್ಟರು ಸಿಟ್ಟಾಗಲಿಲ್ಲ. ಇಂಥವರನ್ನು ಬಹಳ ಜನ ಕಂಡಿದ್ದರು. "ಹಂಗಾದ್ರ ತಪ್ಪಲ ತಿನ್ರಿ. ರಾಜಗಿರಿ, ನುಗ್ಗಿ, ಮೆಂತ್ಯೆ. ಎರಡೂ ಹೊತ್ತು, ತಾಟು ತುಂಬ. ಬಿಟ್ರ ಹಗಲೂ ಕಾಣಸಾಂಗಿಲ್ಲ, ಈಗ ಹೇಳೀನಿ."

ಜಟಕಾದಲ್ಲಿ ಮನೆಗೆ ಬರುವಾಗ ಗುರುಬಸಮ್ಮ ಮುಖ ಬೀದಿಯ ಕಡೆ ತಿರುಗಿಸಿಕೊಂಡೇ ಕೂತಳು. ಎದುರಿಗೆ ಕೂತ ಚನ್ನವೀರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮದುವೆಯಲ್ಲಿ ಕೂಡ ಅಷ್ಟು ಆಗಿರಲಿಲ್ಲ. ಕೊಳಗಲ್ಲಿನ ಹುಲುಗಮ್ಮ ದಿನಾ ಬೆಳಿಗ್ಗೆ ಓಣಿಯಲ್ಲಿ ಕಾಯಿಪಲ್ಯದ ಬುಟ್ಟಿ ಹೊತ್ತು ಕೂಗಿಕೊಂಡು ಹೋಗುವುದು, ಈ ಮನೆಯ ಮುಂದೆ ಮಾತ್ರ ಕೂಗದೆ ದಾಟುವುದು ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಬಾಗಿಲಲ್ಲೇ ನಿಂತು ಕರೆದಳು.

"ಹುಲುಗವ್ವ, ಇನ್ನ ದಿನಾ ಇಲ್ಲಿ ಬುಟ್ಟಿ ಇಳಸು."

"ಈ ಮನ್ಯಾಗ? ಯಾರಿಗಮ್ಮ, ಎಮ್ಮಿಗೇನು?"

"ಅಲ್ಲ. ಎಮ್ಮಿಗೆ ಹಾಕತಿದ್ದರಲ್ಲ, ಅವರಿಗೆ."

ತಪ್ಪಲ ಪಲ್ಯ ಮಾಡುವುದು ಚನ್ನವೀರಮ್ಮನಿಗೆ ಹುಟ್ಟಿನಿಂದ ಬಂದ ವಿದ್ಯೆ. ಹೇಗೆ ಕೆಡಿಸಬೇಕೆಂಬುದೂ ಅದರ ಜೊತೆಗೇ ಬಂದಿತ್ತು. ಬಲಿತ ರಾಜಗಿರಿಯನ್ನು ದಂಟು ಸಮೇತ ಬರೀ ನೀರಿನಲ್ಲಿ ಬೇಯಿಸಿದಳು. ಬೆಳ್ಳುಳ್ಳಿ ಇಲ್ಲ, ಒಗ್ಗರಣೆ ಇಲ್ಲ, ಹೆಸರಿಗೆ ಒಂದು ಹರಳು ಉಪ್ಪು. ರಾತ್ರಿಯೂಟಕ್ಕೆ ಅತ್ತೆ ಅಡ್ಡಣಿಗೆಯ ಮುಂದೆ ಕೂತಾಗ ಕಂದೀಲನ್ನು ತುಸು ದೂರವೇ ಇಟ್ಟಳು.

"ಎಷ್ಟ ಹಾಕಿದಿ?" ಎಂದಳು ಗುರುಬಸಮ್ಮ, ತಾಟಿನ ಕಡೆ ಕಣ್ಣು ಕಿರಿದು ಮಾಡಿ.

"ಸ್ವಲ್ಪ ಹಾಕೀನ್ರಿ."

ಗುರುಬಸಮ್ಮ ಲಿಂಗಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು, ತಾಟಿಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಸ್ವಲ್ಪವಲ್ಲ.

"ಲೇ! ಇದೇನ ಬಣವಿ ಒಟ್ಟೀಯೇನು?"

"ಪ್ರಸಾದ ಐತ್ರಿ ಅತ್ತಿ," ಎಂದಳು ಚನ್ನವೀರಮ್ಮ ಬಹಳ ವಿನಯದಿಂದ.

ಗುರುಬಸಮ್ಮ ಉಂಡಳು. ನಾರು ನಾರಾದ ದಂಟನ್ನು ಅಗಿದು ಅಗಿದು, ನೀರು ಕುಡಿದು ನುಂಗಿ, ಕಣ್ಣಲ್ಲಿ ನೀರು ತಂದುಕೊಂಡು ಉಂಡಳು. ಕಡೆಗೆ ತಾಟಿಗೆ ನೀರು ಸುರಿದು, ಆ ಹಸಿರು ನೀರನ್ನೂ ಎತ್ತಿ ಕುಡಿದಳು. ಚನ್ನವೀರಮ್ಮ ಎದುರಿಗೇ ಕೂತು ಒಂದೊಂದು ತುತ್ತನ್ನೂ ನೋಡಿದಳು. ಆ ರಾತ್ರಿ ಅವಳಿಗೆ ಸೊಗಸಾದ ನಿದ್ದೆ ಬಂತು.

ಮಾರನೆಯ ದಿನ ಹಾಗಲಕಾಯಿ. ಉಪ್ಪಿನಲ್ಲಿ ಹಿಂಡಿ ಕಹಿ ತೆಗೆಯುವುದನ್ನು ಬೇಕೆಂದೇ ಬಿಟ್ಟಳು.

"ಹಾಗಲಕಾಯಿ ತಿನ್ನಂತ ಡಾಕ್ಟರು ಹೇಳಲೇ ಇಲ್ಲಲ್ಲ?" ಎಂದಳು ಅತ್ತೆ.

"ನಿಮ್ಮ ಕಿವಿಗೆ ಬಿದ್ದಿಲ್ರಿ. ನನಗ ಹೇಳ್ಯಾರ."

ಹೀಗೆ ವಾರ ಕಳೆಯಿತು. ಗಂಡಸರಿಗೆ ಮಾತ್ರ ಬೇರೆ ಅಡಿಗೆ. ಅಪ್ಪ ಮಗ ಮಧ್ಯಾಹ್ನ ಅಂಗಡಿಯಲ್ಲೇ ಉಣ್ಣುತ್ತಿದ್ದರು. ಅವರ ಬುತ್ತಿಗೆ ಎಳೆ ಮೆಂತ್ಯೆಯನ್ನು ಬಿಡಿಸಿ, ಹೆಸರುಬೇಳೆ ಜೊತೆ ಬೇಯಿಸಿ, ಜಜ್ಜಿದ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಶೇಂಗಾಪುಡಿ ಉದುರಿಸಿ ಕಳಿಸುವಳು. ಜೋಳದ ರೊಟ್ಟಿಯ ನಡುವೆ ಒಂದು ಹಸಿ ಮೂಲಂಗಿ, ಒಂದು ಉಳ್ಳಾಗಡ್ಡಿ. ಮೊದಲ ದಿನ ಕೊಟ್ಟೂರಪ್ಪ ಹೆದರಿ ಹೆದರಿ ಬಾಯಿಗಿಟ್ಟ. ಮೂರನೆಯ ದಿನಕ್ಕೆ ಹನ್ನೊಂದು ಗಂಟೆಗೇ ಬುತ್ತಿಯ ಗಂಟು ಬಿಚ್ಚತೊಡಗಿದ. ಎಷ್ಟೋ ವರ್ಷದಿಂದ ಅವನನ್ನು ಕಾಡುತ್ತಿದ್ದ ಹೊಟ್ಟೆಯುಬ್ಬರವೂ ತಾನಾಗಿ ಇಳಿಯಿತು. ಸುಖ ತಾಳಲಾರದೆ ಒಂದು ರಾತ್ರಿ ಬಾಯಿ ಬಿಟ್ಟ.

"ಚನ್ನವ್ವ, ಇವತ್ತಿನ ಬುತ್ತ್ಯಾಗಿನ ಮೆಂತ್ಯೆ ಪಲ್ಯೆ ಏನ ಆಗಿತ್ತವ್ವ! ಬೆರಳ ನೆಕ್ಕಿ ನೆಕ್ಕಿ ಸಾಕಾತು."

ಎರ್ರಿಸ್ವಾಮಿ ಅಪ್ಪನ ತೊಡೆ ಚಿವುಟಿದ. ಹೊತ್ತು ಮೀರಿತ್ತು. ಗುರುಬಸಮ್ಮನ ಕೈಯ ತುತ್ತು ಅಲ್ಲೇ ನಿಂತಿತು.

"ಏನಂದ್ರಿ? ಬೆಳ್ಳುಳ್ಳಿ ಹಾಕಿತ್ತೇನು?"

"ಹಾಕಿತ್ತು…" ಎಂದ ಕೊಟ್ಟೂರಪ್ಪ ಸಣ್ಣ ದನಿಯಲ್ಲಿ.

"ಒಗ್ಗರಣಿ?"

"ಅದೂ ಇತ್ತು."

ಗುರುಬಸಮ್ಮ ಸೊಸೆ ಕೂತ ದಿಕ್ಕಿಗೆ ತಿರುಗಿದಳು. "ನನಗ ಕುದಿಸಿದ ಹುಲ್ಲು, ಅವರಿಗೆ ಒಗ್ಗರಣಿ. ಹೌದಲ್ಲೇ?"

"ಹುಲ್ಲ ಅಲ್ರಿ, ಮೇವು. ನೀವ ಇಟ್ಟ ಹೆಸರು ಅದು."

"ಹೊಟ್ಟ್ಯಾಗ ಎಷ್ಟ ವಿಷ ಇಟಗೊಂಡೀಯಲೇ! ಇಷ್ಟು ವರ್ಷ ಆದ್ರೂ ಮರತಿಲ್ಲಲ್ಲ ನೀನು."

"ನಮ್ಮವ್ವ ಬಿಸಿಲಾಗ ಖಾಲಿ ಬುಟ್ಟಿ ಹೊತಗೊಂಡು ಹೋಗಿದ್ದನ್ನ ಮರೀಲೇನು? ಚಲೋ ಪಲ್ಯೆ ಬೇಕೇನ್ರಿ? ನಮ್ಮವ್ವನ್ನ ಕರೀರಿ. ನಿಮ್ಮ ಬಾಯಿಲೆ ಕರೀರಿ, ಅವತ್ತ ಮಾಡಿ ಹಾಕತೀನಿ."

"ಕಣ್ಣ ಪೂರಾ ಹೋಗಲಿ, ಕರಿಯಾಂಗಿಲ್ಲ!"

"ಹೋಗಲಿ ಬಿಡ್ರಿ ಮತ್ತ!"

"ಲೇ!" ಎಂದು ಎರ್ರಿಸ್ವಾಮಿ ಮೊಟ್ಟಮೊದಲ ಸಲ ಹೆಂಡತಿಯ ಮೇಲೆ ಕೂಗಿದ. ಅವಳು ತಿರುಗಿ ನೋಡಿದ್ದಕ್ಕೆ ಅವನ ಕೂಗು ಅಷ್ಟಕ್ಕೇ ನಿಂತಿತು. ಗುರುಬಸಮ್ಮ ತಾಟಿನಲ್ಲಿ ಉಳಿದಿದ್ದನ್ನು ತಿಂದು, ತೊಳೆದು ಕುಡಿದು, ಗೋಡೆ ಹಿಡಿದು ಎದ್ದು ಹೋದಳು.

ಸುಮ್ಮನೆ ಸೋಲುವ ಹೆಂಗಸು ಅವಳಲ್ಲ. ಮರುದಿನ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಅಡ್ಡಣಿಗೆ ಎತ್ತಿಕೊಂಡು ಅಡಿಗೆಮನೆಗೇ ಬಂದು ಒಲೆಯ ಮುಂದೆ ಕೂತಳು. ಚನ್ನವೀರಮ್ಮ ಬುತ್ತಿಗೆಂದು ಮಾಡಿದ ಪಲ್ಯದ ಬೋಗುಣಿ ಇಳಿಸಿದ್ದೇ ತಡ, ಅದನ್ನು ಎಳೆದುಕೊಂಡು ಅಷ್ಟನ್ನೂ ತನ್ನ ತಾಟಿಗೆ ಬಗ್ಗಿಸಿದಳು. ಲಿಂಗಕ್ಕೆ ತೋರಿಸಿದಳು.

"ಈಗ ಮುಟ್ಟು ನೋಡೂಣು."

ಮುಟ್ಟುವುದಾದರೂ ಹೇಗೆ? ಪ್ರಸಾದವಾಗಿ ಹೋಗಿತ್ತು. ಚನ್ನವೀರಮ್ಮ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಗುರುಬಸಮ್ಮ ಮೊದಲ ತುತ್ತು ಸಿಟ್ಟಿನಲ್ಲೇ ತಿಂದಳು. ಎರಡನೆಯದನ್ನು ನಿಧಾನವಾಗಿ ತಿಂದಳು. ಆಮೇಲೆ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಚೆನ್ನಾಗಿದೆ ಎಂದು ಮಾತ್ರ ಬಾಯಿ ತಪ್ಪಿಯೂ ಹೇಳಲಿಲ್ಲ.

ಮಧ್ಯಾಹ್ನ ಅಂಗಡಿಯಿಂದ ಕೊಟ್ಟೂರಪ್ಪ ಸ್ವತಃ ನಡೆದು ಬಂದ. "ಬುತ್ತ್ಯಾಗ ಪಲ್ಯೆ ಎಲ್ಲಿ? ಬರೀ ಚಟ್ನಿಪುಡಿ ಹಾಕಿ ಕಳಸೀರಲ್ಲ, ಅತ್ತಿ ಸೊಸಿ ಜಗಳದಾಗ ನನ್ನ ಹೊಟ್ಟಿ ಉಬ್ಬಬೇಕೇನು?"

ಬೇರೆ ದಾರಿಯಿರಲಿಲ್ಲ. ಅಂದಿನಿಂದ ಚನ್ನವೀರಮ್ಮ ದೊಡ್ಡ ಬೋಗುಣಿಯಲ್ಲಿ ಎಲ್ಲರಿಗೂ ಒಂದೇ ಪಲ್ಯ ಮಾಡಬೇಕಾಯಿತು. ನುಗ್ಗೆ ಸೊಪ್ಪಿಗೆ ಎಳ್ಳುಪುಡಿ, ಪುಂಡಿಗೆ ಜೋಳದ ನುಚ್ಚು, ಹೀರೇಕಾಯಿ ಸಿಪ್ಪೆಯ ಚಟ್ನಿ, ಎಣ್ಣೆಗಾಯಿ. ಕೆಡಿಸಿ ಮಾಡೋಣವೆಂದರೆ ಮಾವ, ಗಂಡ ಉಣ್ಣಬೇಕಲ್ಲ. ಅತ್ತೆಗೆ ದಿನದಿನಕ್ಕೂ ಬಾಯಿ ರುಚಿ ಹತ್ತಿತು. ಬಾಗಿಲಿಗೆ ಬಂದ ಹುಲುಗಮ್ಮನ ಜೊತೆ ತಾನೇ ಜಗಳ ತೆಗೆಯುವಳು: "ಇದು ನಿನ್ನೀದೈತಿ, ಎಲಿ ಬಾಡೇತಿ. ನಾಳಿ ರೂಪನಗುಡಿ ಕಡೀ ಮೂಲಂಗಿ ತಂದ್ರ ತಾ, ಇಲ್ಲಂದ್ರ ಬರಬ್ಯಾಡ."

ಎರಡು ತಿಂಗಳಾಗುವ ಹೊತ್ತಿಗೆ ಒಂದು ಸಂಜೆ, ಕಂದೀಲು ಇನ್ನೂ ಹಚ್ಚಿರಲಿಲ್ಲ, ಚನ್ನವೀರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ದೂರದಲ್ಲಿ ಕೂತ ಗುರುಬಸಮ್ಮ ಅಂದಳು, "ಅಲ್ಲಿ, ನಿನ್ನ ಬೆರಳ ಹತ್ರ ಕಲ್ಲೈತಿ ನೋಡು. ಬಿಟ್ಟೀ."

ಕಲ್ಲು ಇತ್ತು. ಕೊಟ್ಟೂರಪ್ಪ ಸಂತೋಷದಿಂದ ಕೈ ಮುಗಿದ. ಎರ್ರಿಸ್ವಾಮಿ ಅಂಗಡಿ ಬೀದಿಯಿಂದ ಪೇಢೆ ತಂದು ಹಂಚಿದ. ಚನ್ನವೀರಮ್ಮ ಆ ಪೇಢೆಯನ್ನು ಗಂಡನ ಕೈಗೇ ತಿರುಗಿ ಕೊಟ್ಟಳು. ಸೇಡಿಗೆಂದು ಬಡಿಸಿದ್ದು ವೈರಿಗೆ ಮದ್ದಾಗಿ ಹೋಗಿತ್ತು.

ಅದಕ್ಕಿಂತ ಉರಿ ಹತ್ತಿಸಿದ್ದು ಇನ್ನೊಂದು. ಪಕ್ಕದ ಮನೆಯ ಮುದುಕಿಯೊಂದಿಗೆ ಕಟ್ಟೆಯ ಮೇಲೆ ಕೂತು ಗುರುಬಸಮ್ಮ ಹೇಳುತ್ತಿದ್ದಳು: "ತಪ್ಪಲದಾಗ ಬಾಳ ಶಕ್ತಿ ಐತೆವ್ವ. ನಮ್ಮ ಮನ್ಯಾಗ ದಿನಾ ಬೇಕ. ಈಗಿನ ಹುಡುಗ್ಯಾರಿಗೆ ಏನ ಗೊತ್ತು, ಎಲ್ಲಾ ನಾವ ಹೇಳಿ ಮಾಡಸಬೇಕು."

ಒಳಗೆ ಕೇಳಿಸಿಕೊಂಡ ಚನ್ನವೀರಮ್ಮ ಕೈಯಲ್ಲಿದ್ದ ಬದನೇಕಾಯಿಯನ್ನು ಈಳಿಗೆಗೆ ಕೊಟ್ಟ ರಭಸಕ್ಕೆ ಬೆರಳು ಕೊಯ್ದುಕೊಂಡಳು.

"ಕೇಳಿದ್ರಿಲ್ಲೋ?" ಎಂದಳು ಗಂಡನಿಗೆ. "ತಾನ ಹೇಳಿ ಮಾಡಿಸ್ಯಾಳಂತ!"

"ಅನ್ಲಿ ಬಿಡು. ಅವ್ವನ ಕಣ್ಣ ಬಂದ್ವಲ್ಲ. ನೀನೂ ಸಿಟ್ಟ ಇಳಸು."

"ಕಣ್ಣ ನಾ ಕೊಟ್ಟೆ. ಆಕಿ ನನಗೇನ ಕೊಟ್ಲು? ನಮ್ಮವ್ವನ್ನ ಕರದ್ಲೇನು?"

ಎರ್ರಿಸ್ವಾಮಿ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಅದು ಅವನ ಸ್ವಭಾವವೇ ಆದ್ದರಿಂದ ಅವಳು ಗಮನಿಸಲಿಲ್ಲ.

ಕಾರ್ತೀಕದಲ್ಲಿ ಗುರುಬಸಮ್ಮ ಒಂದು ಬೆಳಿಗ್ಗೆ ಸುದ್ದಿ ಹೇಳಿದಳು. ಸೋಮವಾರ ತಂಗಿ ವೀರಭದ್ರಮ್ಮ ಕುರುಗೋಡಿನಿಂದ ಊಟಕ್ಕೆ ಬರುತ್ತಾಳೆ. ಎರ್ರಿಸ್ವಾಮಿ ಅಂಗಡಿಯ ಕೆಲಸವೆಂದು ಹಿಂದಿನ ದಿನವೇ ಸಿರುಗುಪ್ಪಕ್ಕೆ ಹೋಗುವವನಿದ್ದ, ಊಟದ ಹೊತ್ತಿಗೆ ಬಂದು ಸೇರುತ್ತಾನೆ.

"ರಾಜಗಿರಿ ಪಲ್ಯೆ ಮಾಡಬೇಕು," ಎಂದಳು. "ಅದನ್ನ ನಾನ ಮಾಡತೀನಿ. ನೀ ಒಲಿ ಹತ್ರ ಬರಬ್ಯಾಡ."

ಚನ್ನವೀರಮ್ಮ ಅತ್ತೆಯ ಮುಖ ನೋಡಿದಳು. ಬೇಳೆ, ಹೋಳಿಗೆ, ಚಟ್ನಿಗಳಲ್ಲಿ ಆಕೆಯ ಕೈಗೆ ಸಾಟಿಯಿಲ್ಲ. ತಪ್ಪಲವನ್ನು ಮಾತ್ರ ಆಕೆ ಹುಟ್ಟಿದಾಗಿನಿಂದ ಒಲೆಗೆ ಇಟ್ಟವಳಲ್ಲ. ತಂಗಿಯ ಮುಂದೆ ತನ್ನದೇ ಕೈರುಚಿಯೆಂದು ಮೆರೆಯಬೇಕೆಂದಿದ್ದಾಳೆ. ಆಗಲಿ.

"ಮಾಡ್ರಿ ಅತ್ತಿ. ನಾ ಯಾಕ ಬರಲಿ," ಎಂದಳು.

ಸೋಮವಾರ ಬೆಳಿಗ್ಗೆ ಹುಲುಗಮ್ಮ ಬುಟ್ಟಿಗಟ್ಟಲೆ ರಾಜಗಿರಿ ಸುರಿದು ಹೋದಳು. ಗುರುಬಸಮ್ಮ ಬೇರು ಕೊಯ್ದು, ಮೂರು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿದಳು. ಅಷ್ಟೆಲ್ಲ ಸರಿಯಾಗಿಯೇ ಮಾಡಿದಳು. ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಮೆಣಸಿನಕಾಯಿ ಹುರಿದು, ಸೊಪ್ಪನ್ನು ಅಮುಕಿ ಅಮುಕಿ ತುಂಬಿದಳು. ದೊಡ್ಡ ಬೋಗುಣಿ ಕಂಠದ ತನಕ ತುಂಬಿ ಮೇಲೆ ಗೋಪುರವಾಗಿ ನಿಂತಿತು.

ಹೊಸ್ತಿಲಿಗೆ ಒರಗಿ ಕೂತ ಚನ್ನವೀರಮ್ಮ ನೋಡುತ್ತಿದ್ದಳು. ಅತ್ತೆ ಉಪ್ಪಿನ ಗಡಿಗೆ ಹತ್ತಿರ ಎಳೆದುಕೊಂಡಳು.

ತಪ್ಪಲಕ್ಕೆ ಉಪ್ಪು ಕಡೆಗೆ ಹಾಕಬೇಕು. ಒಲೆಯ ಮೇಲೆ ಅಷ್ಟು ದೊಡ್ಡ ಗೋಪುರ ಕುಗ್ಗಿ ಕುಗ್ಗಿ ಬೋಗುಣಿಯ ತಳಕ್ಕೆ ಇಳಿಯುತ್ತದೆ, ಆಮೇಲೆ ಉಳಿದದ್ದನ್ನು ನೋಡಿ ಚಿಟಿಕೆಯಲ್ಲಿ ಹಾಕಬೇಕು. ಸಿರುಗುಪ್ಪದ ಚಿಕ್ಕ ಹುಡುಗಿಯರಿಗೂ ಗೊತ್ತಿರುವ ಮಾತು ಇದು. ಗುರುಬಸಮ್ಮನಿಗೆ ಗೊತ್ತಿದ್ದದ್ದು ಬೇಳೆಯ ಲೆಕ್ಕ: ಇಷ್ಟು ದೊಡ್ಡ ಬೋಗುಣಿಗೆ ಇಷ್ಟು ಉಪ್ಪು. ಕೈ ತುಂಬ ಹರಳುಪ್ಪು ತೆಗೆದಳು. ಗೋಪುರ ನೋಡಿ, ಸಾಲದೆಂದುಕೊಂಡು ಇನ್ನೊಂದು ಹಿಡಿ ತೆಗೆದಳು. ಹಾಕುವ ಮುನ್ನ ಒಂದು ಗಳಿಗೆ ತಡೆದು ಸೊಸೆಯ ಕಡೆ ನೋಡಿದಳು.

"ಇಷ್ಟ ಸಾಕಲ್ಲ?"

ಗುರುಬಸಮ್ಮ ಸೊಸೆಯ ಸಲಹೆ ಕೇಳಿದ್ದು ಆ ಮನೆಯಲ್ಲಿ ಅದೇ ಮೊದಲು. ಅವತ್ತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ವೀರಭದ್ರಮ್ಮ ಚನ್ನವೀರಮ್ಮನ ಕಣ್ಣ ಮುಂದೆ ಬಂದಳು. ಅದೇ ವೀರಭದ್ರಮ್ಮ ಇವತ್ತು ಈ ಪಲ್ಯವನ್ನು ಲಿಂಗಕ್ಕೆ ತೋರಿಸಿ, ಉಗುಳಲಾರದೆ ನುಂಗಲಾರದೆ ಒದ್ದಾಡಬೇಕು, ಅಕ್ಕ ಅದನ್ನು ನೋಡಬೇಕು.

"ಸಾಕ್ರಿ," ಎಂದಳು. "ಸರಿ ಐತಿ."

ಎರಡೂ ಹಿಡಿ ಬಿದ್ದವು.

ಮಧ್ಯಾಹ್ನಕ್ಕೆ ವೀರಭದ್ರಮ್ಮನ ಸವಾರಿ ಬಂಡಿ ಬಂತು. ಕಾಲು ತೊಳೆದು ಕೂತವಳೇ ಮೂಗು ಅರಳಿಸಿದಳು. "ಏನಕ್ಕ, ಮನ್ಯಾಗ ತಪ್ಪಲದ ವಾಸನಿ! ನೀನೂ ಎಮ್ಮಿ ಕೂಡ ಸರಿಸಾಟಿ ಆದ್ಯೇನು?"

"ಉಂಡ ಮ್ಯಾಲ ಮಾತಾಡು," ಎಂದಳು ಗುರುಬಸಮ್ಮ. ಪದೇ ಪದೇ ಬೀದಿಯ ಬಾಗಿಲ ಕಡೆ ನೋಡುತ್ತಿದ್ದಳು. ಅಡ್ಡಣಿಗೆಗಳನ್ನು ತಾನೇ ಸಾಲಾಗಿ ಇಟ್ಟಳು. ಒಂದು ಹೆಚ್ಚಿಗೆ ಇತ್ತು.

ಬೀದಿಯ ಬಾಗಿಲಲ್ಲಿ ಎರ್ರಿಸ್ವಾಮಿಯ ದನಿ ಕೇಳಿಸಿತು. ಚನ್ನವೀರಮ್ಮ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಗಂಡನ ಹಿಂದೆ, ಮಡಿ ಸೀರೆಯುಟ್ಟು, ಬರಿಗೈಯಲ್ಲಿ ಅವಳ ಅವ್ವ ಹಂಪಮ್ಮ ನಿಂತಿದ್ದಳು.

ಗುರುಬಸಮ್ಮ ಪಡಸಾಲೆಯಿಂದ ಎದ್ದು ಹೊಸ್ತಿಲವರೆಗೆ ನಡೆದು ಬಂದಳು. ತಂಗಿ ನೋಡುತ್ತಿದ್ದಳು, ಗಂಡ ನೋಡುತ್ತಿದ್ದ. "ಒಳಗ ಬರ್ರಿ ಬೀಗತಿ," ಎಂದಳು ಗಟ್ಟಿಯಾಗಿ, ಓಣಿಗೆ ಕೇಳುವ ಹಾಗೆ. "ನಾನ ಕರದೀನಿ. ಬರ್ರಿ."

ತಂಬಿಗೆಯ ನೀರು ಚನ್ನವೀರಮ್ಮನ ಕಾಲ ಮೇಲೆ ಚೆಲ್ಲಿತು.

"ನಿಮ್ಮತ್ತಿ ತಾನ ನನ್ನ ಕಳಿಸಿದ್ಲು," ಎಂದ ಎರ್ರಿಸ್ವಾಮಿ ಹಲ್ಲು ಬಿಟ್ಟು. "ನಿನಗ ಹೇಳಿದ್ರ ಆಣಿ ಐತಿ ಅಂದಿದ್ಲು. ಅದಕ್ಕ ಬಾಯಿ ಕಟ್ಟಕೊಂಡು ಇದ್ದೆ."

ಹಂಪಮ್ಮ ಒಳಗೆ ಬಂದು ಅಡ್ಡಣಿಗೆಯ ಮುಂದೆ ಕೂತಳು. ಗುರುಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡಿಗೆಮನೆಗೆ ಹೋದಳು. ಚನ್ನವೀರಮ್ಮ ಹಿಂದೆಯೇ ಓಡಿದಳು. ಬೋಗುಣಿಯ ತಳದಲ್ಲಿ ಪಲ್ಯ ಕಪ್ಪಾಗಿ, ಕಾಲು ಭಾಗಕ್ಕೆ ಕುಗ್ಗಿ ಕೂತಿತ್ತು.

"ಅತ್ತಿ, ಇದನ್ನ ಬಡಸಬ್ಯಾಡ್ರಿ."

"ಯಾಕ?"

"ಉಪ್ಪ… ಉಪ್ಪ ಜಾಸ್ತಿ ಆಗೇತಿ."

ಗುರುಬಸಮ್ಮ ತಿರುಗಿದಳು. "ರುಚಿ ನೋಡಿದೇನು? ಲಿಂಗಕ್ಕ ತೋರಸಾಕ ಮೊದಲ?"

"ಇಲ್ರಿ."

"ಮತ್ತ ಹೆಂಗ ಗೊತ್ತಾತು?"

ಹೇಗೆ ಗೊತ್ತಾಯಿತೆಂದು ಹೇಳಬೇಕಿತ್ತು. ನೀವು ಕೇಳಿದಾಗಲೇ ಗೊತ್ತಿತ್ತು, ಬೇಕೆಂದೇ ಸಾಕು ಅಂದೆ, ಅನ್ನಬೇಕಿತ್ತು. ಚನ್ನವೀರಮ್ಮ ಬೋಗುಣಿಯ ಅಂಚು ಹಿಡಿದುಕೊಂಡಳು, ಅಷ್ಟೇ. "ನಿನ್ನ ಅವ್ವಗ ನಾ ಬಡಸೂದು ನಿನಗ ಸೇರವಲ್ದು. ಅಲ್ಲೇನು? ಸರಿ ಅತ್ತಾಗ," ಎಂದು ಗುರುಬಸಮ್ಮ ಬೋಗುಣಿ ಎತ್ತಿಕೊಂಡು ಹೋದಳು.

ಮೊದಲು ಬೀಗತಿಗೆ ಬಡಿಸಿದಳು, ಸೌಟು ತುಂಬ, ಪ್ರೀತಿಯಿಂದ. "ನನ್ನ ಕೈಲೆ ಮಾಡೀನಿ. ನಿಮ್ಮ ಮಗಳ ಕಲಿಸಿದ್ದು," ಎಂದಳು. ತಂಗಿಗೆ, ಗಂಡನಿಗೆ, ಮಗನಿಗೆ, ತನಗೆ ಒಂದೊಂದು ಸೌಟು. ಎಲ್ಲರೂ ಲಿಂಗಕ್ಕೆ ತೋರಿಸಿದರು.

ವೀರಭದ್ರಮ್ಮ ಮೊದಲ ತುತ್ತಿಗೇ ಕಣ್ಣು ಕಿಸಿದಳು. ಕೊಟ್ಟೂರಪ್ಪ ನೀರಿಗೆ ಕೈ ಚಾಚಿದ. ಗುರುಬಸಮ್ಮ ಬಾಯಿಗಿಟ್ಟುಕೊಂಡವಳು ಹಾಗೆಯೇ ಕೂತುಬಿಟ್ಟಳು. ಮುಖ ಸುಣ್ಣದಂತಾಯಿತು. ಚನ್ನವೀರಮ್ಮ ಇಷ್ಟು ವರ್ಷ ನೋಡಬೇಕೆಂದು ಕಾದ ಮುಖ ಅದೇ. ಅವಳು ಅದನ್ನು ನೋಡಲಿಲ್ಲ. ಅವಳು ನೋಡಿದ್ದು ಅವ್ವನನ್ನು.

ಹಂಪಮ್ಮ ತುತ್ತನ್ನು ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು ತೆಗೆದುಕೊಂಡಳು. ತಪ್ಪಲ ಬೆಳೆದು ಬಾಳಿದವಳಿಗೆ ಏನಾಗಿದೆಯೆಂದು ಹೇಳಬೇಕಾಗಿರಲಿಲ್ಲ. ತಲೆಯೆತ್ತಿ ಬಾಗಿಲಲ್ಲಿ ನಿಂತ ಮಗಳನ್ನು ದಿಟ್ಟಿಸಿದಳು. ಒಲೆಯ ಹತ್ತಿರ ನೀನು ಇರಲಿಲ್ಲವೇನು ಎಂದು ಆ ಕಣ್ಣುಗಳು ಕೇಳಿದವು. ಚನ್ನವೀರಮ್ಮ ನೆಲ ನೋಡಿದಳು.

"ಬೀಗತಿ, ನನ್ನ ಕೈ ತಪ್ಪೇತ್ರಿ," ಎಂದಳು ಗುರುಬಸಮ್ಮ. "ಕರದು ಮತ್ತ ಅವಮಾನ ಮಾಡಿದಂಗಾತು. ಬಿಡ್ರಿ, ದೋಷ ನನಗಿರಲಿ."

"ಪ್ರಸಾದ ಐತ್ರಿ. ಬಿಡಬಾರದು."

ಹಂಪಮ್ಮ ತಾಟಿನಲ್ಲಿದ್ದುದನ್ನೆಲ್ಲ ಉಂಡಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಾಟಿಗೆ ನೀರು ಸುರಿದು, ತೊಳೆದು, ಎತ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಬೀಗತಿಯ ಕೈ ಹಿಡಿದುಕೊಂಡಳು.

"ನಿಮ್ಮ ಕೈ ತಪ್ಪಿಲ್ರಿ. ಬೋಗುಣ್ಯಾಗ ಇನ್ನ ಉಳದೈತಲ್ಲ, ಅಷ್ಟೂ ನನ್ನ ಮಗಳ ತಾಟಿಗೆ ಹಾಕ್ರಿ."